ಯಾರಪ್ಪನಿಂದಲೂ ಕೀಳಲಾಗದ ಡೇರೆ

ಡೇರೆಯ ವಿಷಯದಲ್ಲಿ ತನಗೆ ಬುದ್ಧಿ ಹೇಳುವಂಥವರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ ಎಂಬುದು ಧರಣಿಯಣ್ಣನ ಖಚಿತ ಅಭಿಪ್ರಾಯವಾಗಿತ್ತು. ಆದರೂ ಭಾವಮೈದುನ ಹುಟ್ಟಿದ್ದ, ಬೆಳೆದಿದ್ದ, ವಿಮೆ ಏಜೆಂಟನಾಗಿದ್ದ, ಈಗ ನಡುಮನೆಯಲ್ಲಿ ಮಂಡಿಯೂರಿ ಕೂತು ಗಿಳಿಹಸಿರು ಬಣ್ಣದ ಚೀಲವೊಂದನ್ನು ಬಿಚ್ಚುತ್ತ, "ಭಾವ, ಆರು ಜನ ಆರಾಮಾಗಿ ಮಲಗಬಹುದು. ಮಳೆ ಗಾಳಿ ಎಲ್ಲ ತಡ್ಕೊಳ್ಳುತ್ತೆ," ಎನ್ನುತ್ತಿದ್ದ.

ಧರಣಿಯಣ್ಣ ಆ ಬಟ್ಟೆಯ ಅಂಚನ್ನು, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವ ಹಾಗೆ, ಎರಡೇ ಬೆರಳಲ್ಲಿ ಎತ್ತಿ ನೋಡಿದ.

"ಇದು ಟೆಂಟಲ್ಲ ಕಣೋ. ದೊಡ್ಡ ಕರ್ಚೀಫು."

ಅಷ್ಟಕ್ಕೇ ಬಿಡಲಿಲ್ಲ. ಹಿತ್ತಿಲಿಗೆ ಒಯ್ದು ನಿಲ್ಲಿಸಿ ಎಂದ. ನಿಲ್ಲಿಸಿದರು. ನಿಂತ ಡೇರೆಯ ಸುತ್ತ ಕೈ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಬಂದು, ಯಾವ ಮುನ್ಸೂಚನೆಯೂ ಇಲ್ಲದೆ ಅದರ ಪಕ್ಕೆಗೆ ಜಾಡಿಸಿ ಒದ್ದ. ಕೋಲೊಂದು ಲಟಕ್ಕೆಂದಿತು. ಡೇರೆ ಒಂದು ಕಡೆಗೆ ವಾಲಿ, ಏಟು ತಿಂದ ಕತ್ತೆಯ ಹಾಗೆ ನಿಂತಿತು. ಮಳೆ ಗಾಳಿ ಇರಲಿ, ಇನ್ಸ್‌ಪೆಕ್ಟರು ಬೂಟುಗಾಲಲ್ಲಿ ಒದ್ದರೆ ಏನು ಮಾಡುತ್ತೀಯ ಎಂದು ಕೇಳಿದ. ನಾವು ಪ್ರವಾಸ ಹೋಗುವ ಸರೋವರದ ದಡಕ್ಕೆ ಇನ್ಸ್‌ಪೆಕ್ಟರು ಯಾಕೆ ಬರುತ್ತಾನೆ ಭಾವ ಎಂದ ಭಾವಮೈದುನ. ಅವನು ಎಲ್ಲಿಗೆ ಬೇಕಾದರೂ ಬರುತ್ತಾನೆ, ಸಾವಿನ ಭಯ ಮಾರಿ ಬದುಕುವ ನಿನಗೆ ಅದೆಲ್ಲ ಎಲ್ಲಿ ತಿಳಿಯಬೇಕು ಎಂದು ಧರಣಿಯಣ್ಣ ಸಭೆ ಬರ್ಖಾಸ್ತು ಮಾಡಿದ. ಹೆಂಡತಿ ಬಂದು, ಕಾಲು ಮುರಿದ ಗಾಯಾಳುವನ್ನು ಎತ್ತಿಕೊಳ್ಳುವ ಹಾಗೆ ಆ ಹಸಿರು ಡೇರೆಯನ್ನು ಮಡಚಿಕೊಂಡು ಒಳಗೆ ಹೋದಳು.

ಧರಣಿಯಣ್ಣನ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಗಿರಣಿ ಮುಚ್ಚಿದಾಗ ಗಿರಣಿಯ ಗೇಟಿನೆದುರು, ಬಸ್ಸಿನ ದರ ಏರಿಸಿದಾಗ ಡಿಪೋದೆದುರು, ಹೊಳೆಗೆ ಕೊಳಚೆ ಬಿಟ್ಟಾಗ ನಗರಸಭೆಯೆದುರು ಡೇರೆ ಹಾಕಿ ಕೂತವನು ಅವನು. ಕೂತದ್ದರಲ್ಲಿ ಕೆಲವು ಗೆದ್ದದ್ದೂ ಉಂಟು. ಬಸ್ಸಿನ ದರ ಇಳಿಯಿತು (ಆಮೇಲೆ ಬಸ್ಸೇ ನಿಂತಿತು, ಅದು ಬೇರೆ ಮಾತು). ಜೊತೆಗೆ ಕೂತವರಲ್ಲಿ ಒಬ್ಬ ಈಗ ಟೈಲ್ಸ್ ಅಂಗಡಿ ಇಟ್ಟಿದ್ದಾನೆ, ಇನ್ನೊಬ್ಬ ಅದೇ ನಗರಸಭೆಯ ಒಳಗೆ ಹೋಗಿ ಮೆತ್ತನೆಯ ಕುರ್ಚಿ ಮೇಲೆ ಕೂತಿದ್ದಾನೆ. ಧರಣಿಯಣ್ಣನ ಪಾಲಿಗೆ ಉಳಿದದ್ದು ಹಿತ್ತಿಲ ಶೆಡ್ಡಿನಲ್ಲೊಂದು ತೂತು ಟಾರ್ಪಾಲು, ಮತ್ತು ಡೇರೆ ಅಂದರೆ ತಾನು ಎಂಬ ಹೆಮ್ಮೆ. ಬೇರೆ ಯಾವುದರ ಬಗ್ಗೆಯೂ ಅವನ ಅಭಿಪ್ರಾಯವನ್ನು ಈಗ ಯಾರೂ ಕೇಳುತ್ತಿರಲಿಲ್ಲ. ಅಡುಗೆಮನೆಗೆ ಯಾವ ಬಣ್ಣ ಹೊಡೆಸುವುದು ಎಂದು ಕೂಡ ಕೇಳಿರಲಿಲ್ಲ.

ಈಗ ಡೇರೆ ಬೇಕಾಗಿದ್ದದ್ದು ಹೆಂಡತಿಗೆ. ಅವಳು ಆಸ್ಪತ್ರೆಯಲ್ಲಿ ವಾರ್ಡಿನ ಹಿರಿಯ ನರ್ಸು. ನರ್ಸುಗಳ ಕೋಣೆಯ ಗೋಡೆಯಲ್ಲಿ, ಎಂದೋ ಹಳತಾದ ಕ್ಯಾಲೆಂಡರಿನಲ್ಲಿ, ಬೆಟ್ಟದ ಮೇಲಿನ ಒಂದು ಸರೋವರದ ಚಿತ್ರವಿತ್ತು. ಪಾಳಿಯ ನಡುವೆ ಚಹಾ ಕುಡಿಯುವಾಗಲೆಲ್ಲ ಅದನ್ನು ನೋಡಿ ನೋಡಿ, ಒಂದು ಸಲ ಆ ನೀರಲ್ಲಿ ಕಾಲು ಇಳಿಬಿಟ್ಟು ಕೂರಬೇಕು ಎಂದು ಅವಳು ತೀರ್ಮಾನಿಸಿದ್ದಳು. ಅಲ್ಲಿ ಉಳಿದುಕೊಳ್ಳಲು ಹೋಟೆಲು ಇಲ್ಲ, ಬಯಲಿದೆ, ಡೇರೆ ಹಾಕಿಕೊಳ್ಳಬೇಕು. ಗಂಡ ಅರ್ಧ ಆಯುಷ್ಯ ಡೇರೆಯಲ್ಲಿ ಕಳೆದಿದ್ದ. ಅವಳು ಅದರಲ್ಲಿ ಒಂದು ದಿನವೂ ಮಲಗಿರಲಿಲ್ಲ. ಇಬ್ಬರೂ ಡೇರೆಯಲ್ಲಿ ಕೂತರೆ ಮನೆಗೆ ಸಂಬಳ ತರುವವರು ಯಾರು?

ರಜೆಯನ್ನಂತೂ ಆಸ್ಪತ್ರೆಯವರು ತಮ್ಮ ಸ್ವಂತ ಮೂತ್ರಪಿಂಡ ಕಿತ್ತುಕೊಡುವಷ್ಟು ಸಂಕಟಪಟ್ಟು ಮಂಜೂರು ಮಾಡಿದ್ದರು. ಮುಂದಿನ ತಿಂಗಳು ಹೊಸ ವಾರ್ಡು ತೆರೆಯುವುದಿತ್ತು. ಈ ತಿಂಗಳು ಹೋಗದಿದ್ದರೆ ಅವಳು ನಿವೃತ್ತಳಾಗುವವರೆಗೆ ರಜೆಯ ಹೆಸರೆತ್ತುವಂತಿರಲಿಲ್ಲ. ನಿವೃತ್ತಳಾಗುವ ಹೊತ್ತಿಗೆ ಅವಳ ಮೊಣಕಾಲು ಬೆಟ್ಟ ಹತ್ತುವಂತಿರುವುದಿಲ್ಲ. ಹೊರಡುವವರು ಗಂಡ, ಹೆಂಡತಿ, ಹೆಂಡತಿಯ ತಾಯಿ, ಭಾವಮೈದುನ, ಅವನ ಹೆಂಡತಿ, ಅವರ ಮಗಳು. ಎಲ್ಲರೂ ತಯಾರು. ಡೇರೆಯೊಂದು ಬಾಕಿ.

ಅದಕ್ಕೆ ಅಡ್ಡಗಾಲಾಗಿ ಧರಣಿಯಣ್ಣ ನಿಂತಿದ್ದ.

ಗಿಳಿಹಸಿರಿನ ಡೇರೆಯ ಬಳಿಕ ಆಸ್ಪತ್ರೆಯ ಕಾಂಪೌಂಡರು ಸ್ನೇಹದಿಂದ ತನ್ನದನ್ನು ಕೊಟ್ಟ. ಧರಣಿಯಣ್ಣ ಚಾಕು ತೆಗೆದುಕೊಂಡು ಅದರ ಹಗ್ಗ ಎಷ್ಟು ಹೊತ್ತು ತಡೆಯುತ್ತದೆಂದು ಕೊಯ್ದು ನೋಡಿದ. ಪೊಲೀಸರು ಮೊದಲು ಕತ್ತರಿಸುವುದೇ ಹಗ್ಗವನ್ನಂತೆ. ಹಗ್ಗ ತಡೆಯಲಿಲ್ಲ. ಕಾಂಪೌಂಡರು ಈಗ ಧರಣಿಯಣ್ಣನ ಹೆಂಡತಿಯೊಡನೆ ಮಾತ್ರೆಯ ಹೆಸರು ಬಿಟ್ಟು ಬೇರೇನೂ ಮಾತಾಡುವುದಿಲ್ಲ. ರಜೆಯ ಮೊದಲ ಭಾಗ ಹೀಗೆ ಹೋಯಿತು.

ಆಮೇಲೆ ಅಂಗಡಿಗೆ ಹೋದರು. ಪ್ಲಾಸ್ಟಿಕ್ ಹುಲ್ಲು ಹಾಸಿ, ಅದರ ಮೇಲೆ ಬಣ್ಣಬಣ್ಣದ ಡೇರೆಗಳನ್ನು ಅಣಬೆಗಳ ಹಾಗೆ ನಿಲ್ಲಿಸಿದ್ದ ಅಂಗಡಿ. ಟೈ ಕಟ್ಟಿದ ಮಾರಾಟಗಾರ ಮೊದಲಿಗೆ, ಗಾಳಿಯಲ್ಲಿ ಎಸೆದರೆ ತಾನೇ ಬಿಚ್ಚಿಕೊಂಡು ನಿಲ್ಲುವ ಒಂದನ್ನು ಎಸೆದು ತೋರಿಸಿದ. ಭಾವಮೈದುನನ ಮಗಳು ಚಪ್ಪಾಳೆ ತಟ್ಟಿದಳು.

"ತಾನೇ ಎದ್ದು ನಿಲ್ಲೋದು ತಾನೇ ಕೂತ್ಕೊಳ್ಳುತ್ತೆ. ನಮ್ಮ ಸಂಘದ ಉಪಾಧ್ಯಕ್ಷ ಹೀಗೇ ಇದ್ದ," ಎಂದ ಧರಣಿಯಣ್ಣ.

ಇದು ಇಂತಿಷ್ಟು ಮಿಲಿಮೀಟರ್ ನೀರು ತಡೆಯುತ್ತದೆ ಎಂದು ಮಾರಾಟಗಾರ ಇನ್ನೊಂದನ್ನು ತೋರಿಸಿದ. ಮೇಲಿನಿಂದ ಬೀಳುವ ಮಳೆಯನ್ನು ನೀನು ಅಳೆದಿದ್ದೀಯ, ಅಗ್ನಿಶಾಮಕದ ಪೈಪಿನಿಂದ ಅಡ್ಡ ಬರುವ ಸರ್ಕಾರಿ ಮಳೆಯ ಅಳತೆ ಹೇಳು ಎಂದ ಧರಣಿಯಣ್ಣ. ಬ್ಯಾನರು ಕಟ್ಟಲು ಕೊಕ್ಕೆ ಯಾಕಿಲ್ಲ ಎಂದೂ ಕೇಳಿದ. ಮೆಗಾಫೋನು ಇಡುವ ಜಾಗ ತೋರಿಸು ಎಂದ. ಮಾರಾಟಗಾರ ಹೆಂಡತಿಯ ಮುಖ ನೋಡಿದ. ಹೆಂಡತಿ ಪ್ಲಾಸ್ಟಿಕ್ ಹುಲ್ಲು ನೋಡುತ್ತಿದ್ದಳು. ಕೊನೆಗೆ ಧರಣಿಯಣ್ಣ ಅಂಗಡಿಯಲ್ಲೇ ಅತ್ಯಂತ ದುಬಾರಿ ಡೇರೆಯೊಳಗೆ ನುಗ್ಗಿ, ಅದರ ನಡುಗೋಲನ್ನು ಎರಡೂ ತೋಳಲ್ಲಿ ತಬ್ಬಿಕೊಂಡು, ತನ್ನನ್ನು ಹೊರಗೆ ಎಳೆಯಿರಿ, ಆಗ ಇದರ ಬಂಡವಾಳ ಗೊತ್ತಾಗುತ್ತದೆ ಎಂದು ಆಹ್ವಾನಿಸಿದ. ಅಂಗಡಿಯವರು ಆಹ್ವಾನವನ್ನು ಮನ್ನಿಸಿ, ಕಾವಲುಗಾರನನ್ನು ಕರೆಸಿ, ಅವನನ್ನು ಡೇರೆಯಿಂದಲೂ ಅಂಗಡಿಯಿಂದಲೂ ಒಟ್ಟಿಗೇ ಹೊರಗೆಳೆದರು. ಡೇರೆ ಬಿತ್ತು. ನೋಡಿದೆಯಾ ಎಂದು ಅವನು ಮೀಸೆ ಒರೆಸಿಕೊಂಡು ಹೆಂಡತಿಗೆ ಹೇಳಿದ. ಅವನ ಜೀವನದಲ್ಲಿ ಅಷ್ಟು ಸಂತೋಷದ ಬಂಧನ ಬಹಳ ಕಾಲದಿಂದ ಆಗಿರಲಿಲ್ಲ.

ಬೀದಿಬೀದಿ ಅಲೆದು ಅವನು ಕೊನೆಗೆ ಗುಜರಿಯೊಂದರಲ್ಲಿ ತನಗೆ ತಕ್ಕದ್ದನ್ನು ಕಂಡುಹಿಡಿದ. ಯಾವುದೋ ಗಣಿಯವರು ಬಿಟ್ಟುಹೋದ ಡೇರೆ ಅದು. ದಪ್ಪ ಕ್ಯಾನ್ವಾಸು, ಎರಡೆರಡು ಹೊಲಿಗೆ, ಕಬ್ಬಿಣದ ಕಂಬ, ಹಗ್ಗದ ಬದಲು ಉಕ್ಕಿನ ತಂತಿ. ನೆಲಕ್ಕೆ ರಬ್ಬರು, ಅದೂ ಗೋಡೆಗೆ ಸೇರಿಸಿ ಹೊಲಿದದ್ದು, ಆದ್ದರಿಂದ ಕೆಳಗಿನಿಂದ ಚರಂಡಿ ನೀರು ತಿರುಗಿಸಿಬಿಟ್ಟರೂ ಒಳಗಿದ್ದವರ ಬೆನ್ನು ನೆನೆಯುವುದಿಲ್ಲ. ಧರಣಿಯಣ್ಣನನ್ನು ಮರುಳು ಮಾಡಿದ್ದು ಅದರ ಬಾಗಿಲು. ಅದರ ಜಿಪ್ಪು, ಜಿಪ್ಪಿನ ಮೇಲಿನ ಚಿಲಕ, ಎರಡೂ ಒಳಗಡೆ ಮಾತ್ರ. ಒಳಗಿದ್ದವರಿಗೆ ಮನಸ್ಸಿಲ್ಲದಿದ್ದರೆ ಹೊರಗಿನವನು ಯಾವ ದೊಡ್ಡ ಅಧಿಕಾರಿಯಾದರೂ ಒಂದು ಬೆರಳು ತೂರಿಸುವಂತಿಲ್ಲ. ಅವನು ಆ ಚಿಲಕವನ್ನು ಮಗುವಿನ ಕೆನ್ನೆಯ ಹಾಗೆ ಸವರಿದ.

ಹಿತ್ತಿಲಲ್ಲಿ ಅದನ್ನು ಎಬ್ಬಿಸುವ ಕೆಲಸವನ್ನು ಅವನೊಬ್ಬನೇ ವಹಿಸಿಕೊಂಡ. ಎಲ್ಲರನ್ನೂ ಮನೆಯೊಳಗೆ ಕಳಿಸಿ ಮಾರುದ್ದದ ಕಬ್ಬಿಣದ ಗೂಟಗಳನ್ನು ಸುತ್ತಿಗೆಯಿಂದ ನೆಲಕ್ಕೆ ಇಳಿಸಿದ. ಆಮೇಲೆ ಬುಲ್ಡೋಜರು ನೆನಪಾಯಿತು. ನೀರಿನ ತೊಟ್ಟಿ ರಿಪೇರಿಗೆ ತಂದಿದ್ದ ಸಿಮೆಂಟು ಶೆಡ್ಡಿನಲ್ಲಿ ಮಿಕ್ಕಿತ್ತು. ಕಲಸಿ, ಗೂಟಗಳ ಬುಡಕ್ಕೆಲ್ಲ, ತಂತಿಯ ಗಂಟೂ ಮುಚ್ಚುವಂತೆ, ಧಾರಾಳವಾಗಿ ಸುರಿದು, ಮೇಲೆ ಮಣ್ಣೆಳೆದ. ಗೋಡೆಯಾಚೆಯಿಂದ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಇಣುಕಿ, ಏನಪ್ಪ ಇದು, ಯಾರ ವಿರುದ್ಧ ಎಂದು ಕೇಳಿದರು. ಹಿಂದೆಲ್ಲ ಧರಣಿಯಣ್ಣ ಎಲ್ಲಿ ಡೇರೆ ಹಾಕಿದರೂ ಅಲ್ಲಿಗೆ ಫ್ಲಾಸ್ಕಿನಲ್ಲಿ ಚಹಾ ತಂದುಕೊಟ್ಟು ಬೆಂಬಲ ಸೂಚಿಸಿದವರು ಅವರು. ಯಾರ ವಿರುದ್ಧವೂ ಅಲ್ಲ ಮೇಷ್ಟ್ರೇ, ಪ್ರವಾಸ ಎಂದ ಧರಣಿಯಣ್ಣ. ಮೇಷ್ಟ್ರು ನಿರಾಶರಾಗಿ ತಲೆ ಒಳಗೆಳೆದುಕೊಂಡರು.

ನಿಜ ಹೇಳಬೇಕೆಂದರೆ ಡೇರೆ ಚೆನ್ನಾಗಿತ್ತು. ಸಿಮೆಂಟು ಒಣಗಿದ ಮೇಲೆ, ಹೊರಡುವ ಹಿಂದಿನ ದಿನ ಬೆಳಿಗ್ಗೆ, ಮನೆಮಂದಿಯೆಲ್ಲ ಒಳಗೆ ಹೋಗಿ ನೋಡಿದರು. ಅತ್ತೆ ಕಾಲು ಚಾಚಿ ಕೂತರು. ಹೆಂಡತಿ ಗೋಡೆ ಒತ್ತಿ, ಹೊಲಿಗೆ ಎಳೆದು, ಈ ಮನುಷ್ಯ ಮನೆಗೆ ತಂದದ್ದರಲ್ಲಿ ಸೋರದೆ ಇರುವುದು ಇದೊಂದೇ ಎಂದಳು. ಅವಳ ಬಾಯಿಂದ ಅದು ಹೊಗಳಿಕೆ. ಹಾಸಿಗೆ, ಸ್ಟೌ, ಲಾಟೀನು, ಬ್ರೆಡ್ಡು, ಬೇಯಿಸಿದ ಮೊಟ್ಟೆ ಎಲ್ಲವನ್ನೂ ಅಲ್ಲಿಗೇ ತಂದು ಜೋಡಿಸಿದಳು. ನಾಳೆ ಬೆಳಿಗ್ಗೆ ಎಲ್ಲ ಬಿಚ್ಚಿ, ಭಾವಮೈದುನನ ಗಾಡಿಗೆ ಹೇರಿ, ಹೊರಡುವುದು. ಅವಳ ಮುಖದಲ್ಲಿ ಆಗಲೇ ಸರೋವರದ ನೀರು ತುಳುಕುತ್ತಿತ್ತು.

ಆಗ ಧರಣಿಯಣ್ಣ ಗಂಟಲು ಸರಿಮಾಡಿಕೊಂಡ.

ಡೇರೆಯನ್ನು ತಾನು ಇನ್ನೂ ಅಂಗೀಕರಿಸಿಲ್ಲ ಎಂದು ಘೋಷಿಸಿದ. ಒದೆಯಲ್ಲಿ ಪಾಸಾಗಿದೆ, ಚಾಕುವಿನಲ್ಲಿ ಪಾಸಾಗಿದೆ. ಆದರೆ ಒಂದು ನಿಜವಾದ ಬಿರುಮಳೆ ಕಾಣದ ಡೇರೆಯನ್ನು ನಂಬಿ ಹೆಂಗಸರು ಮಕ್ಕಳನ್ನು ಬೆಟ್ಟಕ್ಕೆ ಒಯ್ಯುವಷ್ಟು ಬೇಜವಾಬ್ದಾರಿ ಮುಖಂಡ ತಾನಲ್ಲ. ಮಳೆ ಬರಲಿ, ನೋಡೋಣ, ಆಮೇಲೆ ಹೊರಡೋಣ. ಭಾವಮೈದುನ ಆಕಾಶ ನೋಡಿದ. ತೊಳೆದಿಟ್ಟ ತಟ್ಟೆಯ ಹಾಗಿತ್ತು. ತಿಂಗಳು ಮುಗಿಯುವವರೆಗೆ ಮಳೆಯಿಲ್ಲ ಎಂದು ರೇಡಿಯೋದವನು ಬೆಳಿಗ್ಗೆಯಷ್ಟೇ ಹೇಳಿದ್ದ.

ಹೆಂಡತಿ ಚಹಾ ಕುಡಿದು ಮುಗಿಸಿದಳು.

"ಅಂದ್ರೆ ಮಳೆ ಬರೋವರೆಗೂ ಹೊರಡಲ್ಲ?"

"ಹೊರಡಲ್ಲ."

"ಇದೇ ಕೊನೆ ಮಾತಾ?"

"ಹೋರಾಟ ಅಂದ್ರೆ ತಾಳ್ಮೆ ಬೇಕು," ಎಂದು ಅವನು ಉಪದೇಶ ಮಾಡುತ್ತ, ಗೂಟ ಪರೀಕ್ಷಿಸಲು ಹೊರಗೆ ಬಂದ.

ಹೆಂಡತಿಯೂ ಹೊರಗೆ ಬಂದಳು. ಅಡುಗೆಗೆ ಹೊರಟಳೆಂದುಕೊಂಡ. ಅವಳು ಮನೆಯೊಳಗೆ ಹೋಗಿ ಅಮ್ಮನ ಮಾತ್ರೆ ಡಬ್ಬಿ ತಂದಳು, ಒಂದು ದಿಂಬು ತಂದಳು, ಮನೆಯ ಬಾಗಿಲಿಗೆ ಬೀಗ ಹಾಕಿದಳು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಡೇರೆಯೊಳಗೆ ಹೊಕ್ಕಳು. ಜಿಪ್ಪು ಸರ್ರೆಂದಿತು. ಚಿಲಕ ಟಕ್ಕೆಂದಿತು. ಬಳಿಕ ಒಳಗಿನಿಂದ ಅತ್ತೆಯ ಗಡಸು ದನಿ ಎದ್ದಿತು.

"ಬೇಕೇ ಬೇಕು!"

"ಸರೋವರ ಬೇಕು!" ಎಂದು ಉಳಿದವರು ಕೂಗಿದರು. ಭಾವಮೈದುನನ ಮಗಳ ದನಿ ಎಲ್ಲರಿಗಿಂತ ಮೇಲಿತ್ತು.

ಧರಣಿಯಣ್ಣ ಮೊದಲು ನಕ್ಕ. ಅಲಕ್ಷ್ಯ ಮಾಡಿದರೆ ತಾವೇ ಎದ್ದು ಬರುತ್ತಾರೆ ಎಂದುಕೊಂಡು ಗಿಡಗಳಿಗೆ ಪಾತಿ ಮಾಡುತ್ತ ಕೂತ. (ಗಿರಣಿ ಮಾಲೀಕನೂ ಹೀಗೇ ಅಂದುಕೊಂಡಿದ್ದ. ಆಗ ಧರಣಿಯಣ್ಣ ಅವನನ್ನು ಮೂರ್ಖಶಿಖಾಮಣಿ ಎಂದು ಭಾಷಣ ಮಾಡಿದ್ದ.) ಮಧ್ಯಾಹ್ನ ಆಯಿತು. ಡೇರೆಯೊಳಗಿನಿಂದ ಮೊಟ್ಟೆ ಸುಲಿಯುವ ಸದ್ದು ಬಂತು, ನಗು ಬಂತು, ಆಲೂಗಡ್ಡೆ ಹುರಿಯುವ ವಾಸನೆ ಬಂತು. ಅವನಿಗೆ ಯಾರೂ ಏನೂ ಕೊಡಲಿಲ್ಲ. ಮೇಷ್ಟ್ರು ಫ್ಲಾಸ್ಕು ಹಿಡಿದು ಬಂದರು. ಧರಣಿಯಣ್ಣ ಕೈ ಚಾಚಿದ. ಮೇಷ್ಟ್ರು ಅವನನ್ನು ದಾಟಿ ಹೋಗಿ ಡೇರೆಯ ಮುಂದೆ ಕೆಮ್ಮಿದರು. ಚಿಲಕ ತೆರೆಯಿತು, ಫ್ಲಾಸ್ಕು ಒಳಗೆ ಹೋಯಿತು, ಚಿಲಕ ಬಿತ್ತು.

"ತಪ್ಪು ತಿಳೀಬೇಡಪ್ಪ. ಡೇರೆ ಒಳಗಿದ್ದವರ ಪರ ಇರಬೇಕು ಅಂತ ನೀನೇ ಕಲಿಸಿದ್ದು," ಎಂದು ಮೇಷ್ಟ್ರು ಹೊರಟುಹೋದರು.

ಅವನು ಒಡೆದು ಆಳುವ ನೀತಿಗೆ ಇಳಿದ. ಭಾವಮೈದುನನನ್ನು ಕ್ಯಾನ್ವಾಸಿನ ಹೊರಗಿನಿಂದಲೇ ಪಿಸುಮಾತಿನಲ್ಲಿ ಕರೆದು, ನೀನು ತಿಳಿದವನು, ಈ ಹೆಂಗಸರನ್ನು ಒಪ್ಪಿಸು, ನಿನ್ನಿಂದ ಒಂದು ಪಾಲಿಸಿ ಮಾಡಿಸಿಕೊಳ್ಳುತ್ತೇನೆ ಎಂದ. ಮದುವೆಯಾದಂದಿನಿಂದ ಭಾವಮೈದುನ ಗೋಗರೆದರೂ ಒಪ್ಪದಿದ್ದ ಪಾಲಿಸಿ ಅದು. ಭಾವಮೈದುನ ಒಳಗಿನ ಸಭೆಗೆಲ್ಲ ಕೇಳುವಂತೆ, "ಅಕ್ಕಾ, ಭಾವ ನನ್ನನ್ನ ಕೊಂಡ್ಕೊಳ್ಳೋಕೆ ನೋಡ್ತಿದಾರೆ," ಎಂದ.

"ಧಿಕ್ಕಾರ," ಎಂದರು ಅತ್ತೆ.

ಇನ್ನು ಉಳಿದದ್ದು ಬಲಪ್ರಯೋಗ. ತಂತಿ ಕತ್ತರಿಸೋಣವೆಂದರೆ ಕತ್ತರಿಸಲಾಗದ ತಂತಿಯನ್ನೇ ಆರಿಸಿ ತಂದಿದ್ದ. ಒದ್ದ. ಕಾಲುಬೆರಳು ಊದಿಕೊಂಡಿತು. ಕುಂಟುತ್ತ ಹೋಗಿ ಗಿಡಕ್ಕೆ ನೀರು ಬಿಡುವ ಪೈಪು ತಂದು, ಇದು ದಬ್ಬಾಳಿಕೆಯಲ್ಲ, ತಾಂತ್ರಿಕ ಪರೀಕ್ಷೆ ಎಂದು ತನಗೆ ತಾನೇ ಹೇಳಿಕೊಂಡು, ನಲ್ಲಿ ಪೂರ್ತಿ ತಿರುಗಿಸಿ ಡೇರೆಗೆ ಅಡ್ಡಡ್ಡ ಹೊಡೆದ. ನೀರು ಕ್ಯಾನ್ವಾಸಿಗೆ ಬಡಿದು, ಜಾರಿ, ಇಳಿದು, ಅವನ ಕಾಲಬುಡಕ್ಕೇ ಬಂದು ನಿಂತು, ಅವನ ಚಪ್ಪಲಿಯನ್ನು ತೇಲಿಸಿಕೊಂಡು ಹೋಯಿತು.

"ಒಂದು ಹನಿ ಒಳಗೆ ಬಂದಿಲ್ಲ ಅಳಿಯಂದಿರೇ. ಒಳ್ಳೇ ಡೇರೆ ಆರಿಸಿದ್ದೀರಿ," ಎಂದರು ಅತ್ತೆ. ಆಮೇಲೆ ಹೆಂಡತಿ ಮಾತಾಡಿದಳು.

"ರೀ, ನೀರು ಬಂತಲ್ಲ. ಡೇರೆ ಪಾಸಾಯ್ತಲ್ಲ. ಈಗ ಹೊರಡೋಣ್ವಾ?"

ಮನುಷ್ಯನಿಗೆ ಬುದ್ಧಿ ಎಂಬುದಿದ್ದರೆ ಅಲ್ಲಿಗೆ ಮುಗಿಸಬೇಕಿತ್ತು. ಧರಣಿಯಣ್ಣ ಪೈಪು ಕೆಳಗಿಟ್ಟು, ಎದೆ ಸೆಟೆಸಿ ನಿಂತು, ಪೈಪಿನ ನೀರನ್ನು ಮಳೆಯೆಂದು ಪರಿಗಣಿಸಲು ಬರುವುದಿಲ್ಲ, ಆದರೂ ತಮ್ಮ ಬೇಡಿಕೆಗಳನ್ನು ಸಹಾನುಭೂತಿಯಿಂದ ಪರಿಶೀಲಿಸಲಾಗುವುದು ಎಂದ. ಹೇಳಿದ ಮೇಲೆ ಆ ವಾಕ್ಯ ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸಿತು. ಅವನ ಜೀವನದಲ್ಲಿ ಅತಿ ಹೆಚ್ಚು ಕೇಳಿದ ವಾಕ್ಯವೇ ಅದು. ಕೇಳಿದಾಗಲೆಲ್ಲ ಅಧಿಕಾರಿಯ ಮುಖಕ್ಕೆ ಉಗಿಯಬೇಕೆಂದು ಅನ್ನಿಸಿದ್ದ ವಾಕ್ಯ. ಈಗ ಹಲ್ಲಿನ ಸಂದಿಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಅದು ಹುಟ್ಟಿದಂದಿನಿಂದ ಅಲ್ಲೇ ವಾಸವಿತ್ತೋ ಎನ್ನುವ ಹಾಗೆ.

ಸಂಜೆಯ ಹೊತ್ತಿಗೆ ರೇಡಿಯೋದವನ ಮಾನ ಹೋಯಿತು. ಎಲ್ಲಿತ್ತೋ ಏನೋ, ಕಪ್ಪು ಮೋಡ ಮಗುಚಿಕೊಂಡಿತು. ಗಾಳಿ ಪಕ್ಕದ ಮನೆಯ ಬಟ್ಟೆಗಳನ್ನು ತಂತಿಯಿಂದ ಕಿತ್ತು ಬೀದಿಗೆ ಎಸೆಯಿತು. ಮಳೆ ಮೇಲಿನಿಂದ ಬಿತ್ತು, ಪಕ್ಕದಿಂದ ಬಿತ್ತು, ನೆಲಕ್ಕೆ ಬಡಿದು ಕೆಳಗಿನಿಂದಲೂ ಬಂತು. ಕೇಳಿ ಪಡೆದ ಮಳೆ. ಧರಣಿಯಣ್ಣ ಮನೆಯ ಬಾಗಿಲಿಗೆ ಓಡಿದ, ಬೀಗ. ಶೆಡ್ಡಿಗೆ ಓಡಿದ, ಅದರ ತಗಡು ಹಾರಿಹೋಗಿತ್ತು. ಕಡೆಗೆ ಹಳೆಯ ಟಾರ್ಪಾಲನ್ನು ಹುಡುಕಿ ಹೊದ್ದುಕೊಂಡು ಡೇರೆಯ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತ. ಟಾರ್ಪಾಲಿನ ಮೇಲೆ ವಿಜಯ ನಮ್ಮದೇ ಎಂದು ಬರೆದಿತ್ತು. ವಿಜಯ ಎಂಬಲ್ಲಿ ದೊಡ್ಡ ತೂತು. ಅದರಿಂದ ನೀರು ಸೀದಾ ಅವನ ನೆತ್ತಿಗೆ ಇಳಿಯುತ್ತಿತ್ತು. ಎದುರಿಗೆ ಅವನ ಡೇರೆ ಕದಲದೆ ನಿಂತಿತ್ತು, ಒಳಗೆ ಲಾಟೀನಿನ ಹಳದಿ ಬೆಳಕು, ಯಾರೋ ಹಾಡುತ್ತಿದ್ದರು. ಅದನ್ನು ನೋಡಿ ಅವನ ಎದೆ ಹೆಮ್ಮೆಯಿಂದ ಉಬ್ಬಿತು, ಹಲ್ಲು ಚಳಿಗೆ ಕಟಕಟ ಎಂದವು.

"ಹೊರಡೋಣ ಕಣೇ. ಚಿಲಕ ತೆಗಿ," ಎಂದ.

"ಬಾಯಿಮಾತಿನ ಭರವಸೆ ನಂಬಿ ಡೇರೆ ಬಿಡಬಾರದು ಅಂತ ಈ ಮನೇಲಿ ಹೇಳ್ಕೊಟ್ಟೋರು ಯಾರು?"

ಗೋಡೆಯಾಚೆ ಛತ್ರಿ ಹಿಡಿದು ನಿಂತಿದ್ದ ಮೇಷ್ಟ್ರ ಸಾಕ್ಷಿಯಾಗಿ, ಬೀದಿಗೆಲ್ಲ ಕೇಳುವಂತೆ, ನಾಳೆ ಬೆಳಿಗ್ಗೆ ಪ್ರವಾಸ ಹೊರಡುವುದು ಖಂಡಿತ ಎಂದು ಅವನಿಂದ ಕೂಗಿಸಿದರು. ದನಿ ಸಾಲದೆಂದು ಅತ್ತೆ ಇನ್ನೊಮ್ಮೆ ಕೂಗಿಸಿದರು. ಆಮೇಲೆ ಒಳಗೆ ಬಿಟ್ಟುಕೊಂಡರು. ಎಲ್ಲರ ಚೀಲ ಚಪ್ಪಲಿಗಳ ಪಕ್ಕ ಅವನಿಗೆ ಜಾಗ ಸಿಕ್ಕಿತು.

ಬೆಳಿಗ್ಗೆ ಆಕಾಶ ಮತ್ತೆ ತೊಳೆದ ತಟ್ಟೆ. ಎಲ್ಲರೂ ಚೆನ್ನಾಗಿ ನಿದ್ದೆ ಮಾಡಿ, ಒಣಗಿದ ಮೈಯಲ್ಲಿ, ಸಾಮಾನು ಹೊರಗೆ ತಂದು ಗಾಡಿಗೆ ಹೇರಿದರು. ಡೇರೆ ಬಿಚ್ಚುವುದೊಂದು ಬಾಕಿ. ಧರಣಿಯಣ್ಣ ಗತ್ತಿನಿಂದ ಒಂದು ಗೂಟಕ್ಕೆ ಕೈ ಹಾಕಿ ಎಳೆದ. ಎರಡು ಕೈ ಹಾಕಿ ಎಳೆದ. ಭಾವಮೈದುನ ಬಂದು ಅವನ ಸೊಂಟ ಹಿಡಿದು ಎಳೆದ. ಹಾರೆ ತಂದರು. ಹಾರೆ ಬಾಗಿತು. ಹೆಂಡತಿ ಬಗ್ಗಿ, ಮಣ್ಣು ಕೆದರಿ, ಕೆಳಗಿದ್ದ ಸಿಮೆಂಟನ್ನು ಬೆರಳಿಂದ ತಟ್ಟಿದಳು.

"ಇದನ್ನ ಕೀಳೋದು ಹೇಗೆ ಅಂತ ಯೋಚನೆ ಮಾಡಿದ್ರಾ?"

ಮಾಡಿರಲಿಲ್ಲ. ಅವನ ತಪ್ಪು ಅನ್ನುವಂತೆಯೂ ಇಲ್ಲ. ಜೀವಮಾನವಿಡೀ ಡೇರೆ ಹಾಕಿದ್ದ ಧರಣಿಯಣ್ಣ ತನ್ನ ಕೈಯಿಂದ ಒಂದು ಡೇರೆಯನ್ನೂ ಕಿತ್ತಿರಲಿಲ್ಲ. ಹಾಕುವುದು ಇವರ ಕೆಲಸ, ಕೀಳುವುದು ಪೊಲೀಸರ ಕೆಲಸ. ಶ್ರಮ ವಿಭಜನೆ ಯಾವತ್ತೂ ಹಾಗೇ ನಡೆದುಬಂದಿತ್ತು.

ಹೆಂಡತಿ ಗಾಡಿಯ ಕಡೆ ನೋಡಿದಳು. ಭಾವಮೈದುನ ಡಿಕ್ಕಿಯ ಮೂಲೆಯಿಂದ ಗಿಳಿಹಸಿರಿನ ಚೀಲವನ್ನು ಮುಂದಕ್ಕೆಳೆದ. ಅದರ ಮುರಿದ ಕೋಲಿಗೆ ಯಾರೋ ಅಚ್ಚುಕಟ್ಟಾಗಿ, ಮೂಳೆ ಮುರಿದವರಿಗೆ ಕಟ್ಟುವ ಹಾಗೆ, ಆಸ್ಪತ್ರೆಯ ಪ್ಲಾಸ್ಟರು ಸುತ್ತಿದ್ದರು. ಯಾರೆಂದು ಯಾರೂ ಕೇಳಲಿಲ್ಲ. ಒಂದು ಗಳಿಗೆ ತಾಳಿ, ನಾನು ಕಿತ್ತೇ ಬರುತ್ತೇನೆ, ಬೆಟ್ಟದಲ್ಲಿ ಅದು ನಿಲ್ಲುವುದಿಲ್ಲ ಎಂದು ಧರಣಿಯಣ್ಣ ಹಾರೆಯ ಮೇಲೆ ನೇತುಬಿದ್ದು ಕಿರುಚಿದ. ನಿಧಾನವಾಗಿ ಕೀಳಿ, ಅವಸರವಿಲ್ಲ ಎಂದಳು ಅವಳು.

"ಡೇರೆ ಖಾಲಿ ಬಿಡಬಾರದು ಅಂತ ನೀವೇ ಹೇಳ್ತಿದ್ರಲ್ಲ ರೀ. ಕಾಯ್ಕೊಂಡಿರಿ," ಎಂದು ಅವಳು ಗಾಡಿ ಹತ್ತಿದಳು. ಅತ್ತೆ ಕಿಟಕಿಯಿಂದ ಮುಷ್ಟಿ ಎತ್ತಿದರು.

ಗಾಡಿ ತಿರುವು ದಾಟಿದ ಮೇಲೆ, ಕೈಯ ಬೊಬ್ಬೆ ನೋಡಿಕೊಳ್ಳುತ್ತ, ಒಂದು ಲೋಟ ಚಹಾ ಮಾಡಿಕೊಳ್ಳೋಣವೆಂದು ಅವನು ಮನೆಯ ಕಡೆ ನಡೆದ. ಬಾಗಿಲಲ್ಲಿ ಬೀಗ ನಿನ್ನೆ ನೇತಾಡುತ್ತಿದ್ದ ಹಾಗೆಯೇ ನೇತಾಡುತ್ತಿತ್ತು. ಅದನ್ನು ಎರಡು ಸಲ ಜಗ್ಗಿದ. ಬೀಗದ ಕೈ ಆ ಹೊತ್ತಿಗೆ ಅವಳ ಸೊಂಟದಲ್ಲೇ ಬೆಟ್ಟ ಹತ್ತುತ್ತಿತ್ತು.

ಹಿಂದಿರುಗಿ ಬಂದು, ಯಾರಪ್ಪನಿಂದಲೂ ಕೀಳಲಾಗದ, ಮಳೆ ಗಾಳಿಗೆ ಜಗ್ಗದ, ಆರು ಜನ ಧಾರಾಳವಾಗಿ ಮಲಗಬಹುದಾದ ಡೇರೆಯ ಬಾಗಿಲಲ್ಲಿ ಒಬ್ಬನೇ ಕೂತ. ಗೋಡೆಯಾಚೆಯಿಂದ ಮೇಷ್ಟ್ರ ತಲೆ ಎದ್ದಿತು, ಅದರ ಹಿಂದೆ ಫ್ಲಾಸ್ಕು ಎದ್ದಿತು. ಮೇಷ್ಟ್ರ ಕಣ್ಣಲ್ಲಿ ಹಳೆಯ ಹುರುಪು ಬಂದಿತ್ತು.

"ಮತ್ತೆ ಕೂತೆಯಾ? ಭೇಷ್. ಈ ಸಲ ಬೇಡಿಕೆ ಏನಪ್ಪ?"

ಧರಣಿಯಣ್ಣ ಚಹಾದ ಲೋಟಕ್ಕೆ ಕೈ ಚಾಚಿದ.

"ಮನೆ ಬೀಗದ ಕೈ," ಎಂದ.